ಆರು ಶಿಷ್ಯರು, ಒಂದು ಕನ್ನಡಕ

ಎಲ್ಲ ರಾದ್ಧಾಂತಕ್ಕೂ ಕಾರಣ ಸಾಬೂನಿನಷ್ಟು ದೊಡ್ಡ ಒಂದು ಪೆಟ್ಟಿಗೆ. ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸೊಸೆ ಬಂದು ಅದನ್ನು ನೂಲಣ್ಣನ ಬೆಲ್ಟಿಗೆ ಸಿಕ್ಕಿಸಿಬಿಟ್ಟಳು.

ನೂಲಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿ, ನೂಲು ಹಿಡಿದ ಹಾಗೆ ನೆಟ್ಟಗೆ ಸಾಲು ಹೊಡೆದು ಸಂಪಾದಿಸಿದ ಹೆಸರು. ಯಾರಾದರೂ ಹಾಗೆ ಕರೆದರೆ ಸಾಕು, ಎದೆ ಎರಡಂಗುಲ ಉಬ್ಬುತ್ತಿತ್ತು. ಅಂಥವನ ಮನೆಗೆ ಸೊಸೆ ಆರು ರೋಬೋಟುಗಳನ್ನು ತಂದಿದ್ದಳು. ಯಂತ್ರಗಳ ಬಗ್ಗೆ ಓದಿದವಳು, ಕೇಳಬೇಕೇ? ಒಂದೊಂದೂ ಟ್ರಂಕಿನಷ್ಟು, ನಾಲ್ಕು ಚಕ್ರ, ಹೊಟ್ಟೆಯ ಕೆಳಗೊಂದು ಪುಟ್ಟ ನೇಗಿಲು. ಹತ್ತಿ ಕೂರುವವರಿಲ್ಲ, ಹಿಡಿದು ತಿರುಗಿಸುವವರಿಲ್ಲ, ತಮ್ಮ ಪಾಡಿಗೆ ತಾವು ಉಳುತ್ತಾ ಹೋಗುತ್ತವೆ.

"ಮಾವ, ನಿಮ್ಮ ಟ್ರ್ಯಾಕ್ಟರಿನ ಭಾರಕ್ಕೆ ಮಣ್ಣು ಒಳಗೊಳಗೇ ಕಲ್ಲಾಗಿದೆ. ಬೇರು ಇಳಿಯೋಕೇ ಜಾಗ ಇಲ್ಲ" ಎಂದು ಅವಳು ಮೂರು ತಿಂಗಳು ಹೇಳಿದಳು. ಆಟದ ಸಾಮಾನಿನ ಮುಖ ನೋಡುವುದಿಲ್ಲ ಎಂದು ನೂಲಣ್ಣ ಮೂರು ತಿಂಗಳೂ ಹಟ ಹಿಡಿದ. ಕೊನೆಗೆ ಅವಳು, "ಇವಕ್ಕೆ ಮೊದಲ ಸಾಲು ನೀವೇ ಎಳೆದು ತೋರಿಸ್ಬೇಕು ಮಾವ. ನಿಮ್ಮಂಥ ಗುರು ಇನ್ನೆಲ್ಲಿ ಸಿಗ್ತಾರೆ?" ಅಂದಳು. ಅಷ್ಟು ಸಾಕಾಯಿತು.

"ನೀವು ಹೋದ ದಾರಿನ ಈ ಪೆಟ್ಟಿಗೆ ನೆನಪಿಟ್ಕೊಳ್ಳುತ್ತೆ. ಇದು ಹೇಳಿದ ಹಾಗೆ ರೋಬೋಟುಗಳು ಹೋಗ್ತವೆ. ಸಂಜೆ ನಾಲ್ಕಕ್ಕೆ ಬೆಳೆಗಾರರ ಸಂಘದವರು ನೋಡೋಕೆ ಬರ್ತಾರೆ. ಅಲ್ಲಿವರೆಗೂ ಸೊಂಟದಿಂದ ಬಿಚ್ಚಬೇಡಿ, ಎಲ್ಲಾದ್ರೂ ಇಟ್ಟು ಮರೀತೀರಿ" ಎಂದು ಸೊಸೆ ತಾಕೀತು ಮಾಡಿದಳು.

ಬಿಚ್ಚುವ ಮಾತೆಲ್ಲಿ ಬಂತು? ನೂಲಣ್ಣ ಅಂಗಿಯನ್ನು ಒಳಗೆ ಸಿಕ್ಕಿಸಿ, ಪೆಟ್ಟಿಗೆ ಎಲ್ಲರಿಗೂ ಕಾಣುವ ಹಾಗೆ ಸೊಂಟ ಮುಂದೆ ಮಾಡಿ ಬೀದಿಗಿಳಿದ. ಕ್ಷೌರದಂಗಡಿ, ದರ್ಜಿ ಅಂಗಡಿ, ನಿವೃತ್ತ ಮೇಷ್ಟ್ರ ಜಗಲಿ, ಎಲ್ಲ ಕಡೆ ನಿಂತು, "ಇನ್ಮೇಲೆ ನಾನು ಆರು ಜನರ ಗುರು" ಎಂದು ಹೇಳಿಕೊಂಡ. ಹೀಗೆ ಸುತ್ತುತ್ತಾ ಕೊನೆಗೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕನ್ನಡಕದ ಅಂಗಡಿಗೆ ನುಗ್ಗಿದ.

ಇದು ಅವನ ಗುಟ್ಟು. ಒಂದು ವರ್ಷದಿಂದ ಹೊಲದ ಆ ತುದಿಯ ಗೂಟ ಅವನ ಕಣ್ಣಿಗೆ ಮಸಿ ಒರೆಸಿದ ಬಟ್ಟೆಯ ಹಾಗೆ ಕಾಣುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ನೂಲಣ್ಣನಿಗೆ ಕಣ್ಣು ಕಾಣುವುದಿಲ್ಲ ಅಂತಾದರೆ ಆ ಹೆಸರಿಗೆ ಏನು ಬೆಲೆ? ಕನ್ನಡಕ ತಯಾರಾಗಿತ್ತು. ಹಾಕಿ ನೋಡಿದ. ಎದುರು ಮನೆಯ ಮಾಳಿಗೆಯ ಮೇಲಿನ ಕಾಗೆಯ ಕೊಕ್ಕು ಕೂಡ ಕಂಡಿತು.

ಅಂಗಡಿಯವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ನೂಲಣ್ಣ ವಿವರಿಸಿದ. ಅಂಗಡಿಯವನು ತಲೆ ಕೆರೆದುಕೊಂಡು, "ಅಂದ್ರೆ ಸಂಜೆ ಆ ಆರೂ ನನ್ನ ಅಂಗಡಿಗೇ ಬರ್ತವಾ?" ಅಂದ.

ನೂಲಣ್ಣ ಥಟ್ಟನೆ ಪೆಟ್ಟಿಗೆಯ ಮೇಲೆ ಕೈ ಮುಚ್ಚಿದ. ಸಂಘದವರು, ಹೆಂಡತಿ, ಬೀದಿಯ ಜನ ಎಲ್ಲ ನೋಡುತ್ತಿರುವಾಗ ಆರು ಶಿಷ್ಯರು ಸಾಲಾಗಿ ಬಂದು ಕನ್ನಡಕದ ಅಂಗಡಿಯ ಮುಂದೆ ನಿಲ್ಲುವ ದೃಶ್ಯ ಕಣ್ಣಿಗೆ ಕಟ್ಟಿತು. ಸೊಸೆಗೆ ಹೇಳಿ ಅಳಿಸೋಣವೆಂದರೆ ಅವಳಿಗೂ ಗುಟ್ಟು ಗೊತ್ತಾಗುತ್ತದೆ. ಆಗ ಅವನಿಗೆ ಟ್ರ್ಯಾಕ್ಟರ್ ಬುದ್ಧಿ ಹೊಳೆಯಿತು. ತಪ್ಪು ದಾರಿಗೆ ನುಗ್ಗಿದರೆ ಏನು ಮಾಡುತ್ತೇವೆ? ರಿವರ್ಸ್ ಗೇರು! ಬಂದ ದಾರಿಯಲ್ಲೇ ಹಿಂದೆ ಹಿಂದೆ ನಡೆದರೆ ಸುತ್ತಿದ ದಾರವೆಲ್ಲ ಬಿಚ್ಚಿಕೊಳ್ಳಬೇಕಲ್ಲವೇ?

ಕನ್ನಡಕ ಜೇಬಿಗೆ ಸೇರಿತು. ನೂಲಣ್ಣ ಹಿಮ್ಮುಖವಾಗಿ ಅಂಗಡಿಯ ಮೆಟ್ಟಿಲಿಳಿದ.

"ಏನಯ್ಯಾ ಇದು, ಏಡಿ ತರ?" ಜಗಲಿಯಿಂದ ಮೇಷ್ಟ್ರು ಕೂಗಿದರು.

"ಮಂಡಿ ನೋವಿಗೆ ಒಳ್ಳೇದಂತೆ ಮೇಷ್ಟ್ರೇ, ಡಾಕ್ಟ್ರು ಹೇಳಿದ್ರು."

ಹೇಳಿದ್ದೇ ತಪ್ಪಾಯಿತು. ಮಂಡಿನೋವಿನ ಮೇಷ್ಟ್ರು ಜಗಲಿಯಿಂದಿಳಿದು ತಾವೂ ಹಿಮ್ಮುಖವಾಗಿ ಹೊರಟರು. ದರ್ಜಿ ಅಂಗಡಿಯ ಹತ್ತಿರ ನೂಲಣ್ಣ ಬಟ್ಟೆ ತೂಗುಹಾಕಿದ್ದ ಸ್ಟ್ಯಾಂಡಿಗೆ ಬೆನ್ನು ಕೊಟ್ಟು, ಯಾರದೋ ಲಂಗವೊಂದನ್ನು ಹೆಗಲ ಮೇಲೆ ಹೊತ್ತುಕೊಂಡೇ ಮುಂದೆ, ಅಂದರೆ ಹಿಂದೆ, ಸಾಗಿದ. "ಗಿರಾಕಿ ಸಂಜೆ ಬರ್ತಾಳೆ, ಕೊಟ್ಟು ಹೋಗಿ ಮಾರಾಯ್ರೇ!" ಎಂದು ದರ್ಜಿ ಓಡಿಬಂದ. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಸೊಂಟನೋವಿಗೂ ಇದು ಆಗುತ್ತದೆಯೇ ಎಂದು ಕೇಳುತ್ತಾ ಮೆರವಣಿಗೆ ಸೇರಿದ. ಮೋರಿಯ ಹತ್ತಿರ ನೂಲಣ್ಣನ ಒಂದು ಕಾಲು ಒಳಗಿಳಿಯಿತು. ಒಂದು ಕೈಯಲ್ಲಿ ಜೇಬು ಹಿಡಿದುಕೊಂಡೇ ಎದ್ದ.

ಬೆನ್ನು ಮುಂದಾಗಿ ಮನೆಯೊಳಗೆ ಬಂದ ಗಂಡನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು. "ರೀ, ಜಗಳ ಆಡದೇನೇ ಬೆನ್ನು ತೋರಿಸೋಕೆ ಶುರು ಮಾಡಿದ್ರಾ?"

"ಸುಮ್ನಿರೇ, ಇದೆಲ್ಲ ತಾಂತ್ರಿಕ ವಿಷಯ."

ನಾಲ್ಕು ಗಂಟೆಗೆ ಹೊಲದಲ್ಲಿ ಜನ ಸೇರಿದರು. ಸಂಘದ ಅಧ್ಯಕ್ಷರು, ದರ್ಜಿ, ಕ್ಷೌರಿಕ, ಅರ್ಧ ಗಡ್ಡದ ಗಿರಾಕಿ, ಎಲ್ಲರೂ ಇದ್ದರು. "ಮಂಡಿ ಹಗುರಾಯ್ತು ಕಣಯ್ಯಾ" ಅನ್ನುತ್ತಾ ಮೇಷ್ಟ್ರು ಬದುವಿನ ಮೇಲೆ ಹಿಮ್ಮುಖವಾಗಿಯೇ ಬಂದರು. ಬಿಸಿಲಿಗೆ ಕೆಂಪು ಛತ್ರಿ ಹಿಡಿದು ಹೆಂಡತಿಯೂ ಬಂದಳು. ಸೊಸೆ ಮಾವನ ಸೊಂಟದ ಪೆಟ್ಟಿಗೆಯ ಮುಚ್ಚಳ ತೆಗೆದು, ತನ್ನ ಕೈಚೀಲದಿಂದ ಎರಡು ಸೆಲ್ಲು ತೆಗೆದು ಅದರೊಳಗೆ ಹಾಕಿದಳು.

"ಈಗ ಹಾಕ್ತಾ ಇದ್ದೀಯಾ?" ನೂಲಣ್ಣನ ದನಿ ಒಡೆಯಿತು.

"ಹೂಂ ಮಾವ. ಬೆಳಿಗ್ಗೇನೇ ಹಾಕಿದ್ರೆ ಸುಮ್ನೆ ಖಾಲಿ ಆಗ್ತಿತ್ತು."

ಮೋರಿಗಿಳಿದ ಕಾಲು ಈಗ ಉರಿಯತೊಡಗಿತು. ಆದರೂ ಮರ್ಯಾದೆ ಉಳಿಯಿತಲ್ಲ ಎಂದು ಟ್ರ್ಯಾಕ್ಟರ್ ಹತ್ತಿದ. ಕೆಂಪು ಬಟ್ಟೆ ಕಟ್ಟಿದ ಗೂಟ ಇಳಿಜಾರಿನ ಆ ತುದಿಯಲ್ಲಿದೆ ಎಂದು ಸೊಸೆ ತೋರಿಸಿದಳು. ನೂಲಣ್ಣನ ಕೈ ಜೇಬಿಗೆ ಹೋಯಿತು.

"ನೋಡ್ರಯ್ಯಾ, ಈ ವಯಸ್ಸಲ್ಲೂ ಹದ್ದಿನ ಕಣ್ಣು ನಮ್ಮ ನೂಲಣ್ಣನದು!" ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ ಹೇಳಿದರು.

ಕೈ ಜೇಬಿನಿಂದ ಬರಿದಾಗಿಯೇ ಹೊರಬಂತು. ದೂರದಲ್ಲಿ ಮಸುಕಾಗಿ ಕೆಂಪು ಕಂಡಿತು. ಅದೇ ಗೂಟ ಎಂದು ನಂಬಿ ಹೊರಟ. ಇವತ್ತೇಕೋ ಗೂಟ ಕೈಗೇ ಸಿಗುತ್ತಿಲ್ಲ ಅನ್ನಿಸಿತು. ಆದರೂ ಬಿಡದೆ ಅದನ್ನೇ ಹಿಡಿದು ಸ್ಟಿಯರಿಂಗ್ ತಿರುಗಿಸುತ್ತಾ ಹೋಗಿ, ಸಾಲು ಮುಗಿಸಿ ಇಳಿದ. ಇಳಿದವನೇ ಮರದ ಹಿಂದೆ ಹೋಗಿ ಕನ್ನಡಕ ಹಾಕಿ ನೋಡಿದ.

ಅಯ್ಯಯ್ಯೋ! ಸಾಲು ಕುಡುಗೋಲಿನ ಹಾಗೆ ಬಾಗಿತ್ತು. ಕೆಂಪು ಬಟ್ಟೆಯ ಗೂಟ ಎಲ್ಲೋ ಬಲಗಡೆ ಅನಾಥವಾಗಿ ನಿಂತಿತ್ತು. ಅಷ್ಟರಲ್ಲಿ ಆರು ಶಿಷ್ಯರು ಗುಂಯ್ ಎನ್ನುತ್ತಾ ಹೊರಟೇಬಿಟ್ಟಿದ್ದರು. ಕಾಲಿಟ್ಟ ಗುರುತೂ ಆಗದಷ್ಟು ಹಗುರ. ಗುರುವಿನ ಸಾಲು ಎಲ್ಲಿ ಬಾಗಿತ್ತೋ ಅಲ್ಲಲ್ಲೇ ಕೂದಲೆಳೆಯಷ್ಟೂ ತಪ್ಪದೆ ಬಾಗಿದರು. ಹೊಲದ ತುಂಬ ಒಂದೇ ಡೊಂಕು.

ಮೂವತ್ತು ವರ್ಷದ ಹೆಸರು ಮಣ್ಣುಪಾಲಾಯಿತು ಎಂದು ನೂಲಣ್ಣ ಕನ್ನಡಕ ಮುಚ್ಚಿಟ್ಟು ತಲೆ ತಗ್ಗಿಸಿ ಬಂದು ನಿಂತ. ಅಧ್ಯಕ್ಷರು ಕುಕ್ಕರುಗಾಲಿನಲ್ಲಿ ಕೂತು ಸಾಲನ್ನು ನೋಡಿದರು. ಒಂದು ಕೊಡ ನೀರು ತರಿಸಿ ಮೇಲಿನಿಂದ ಸುರಿದರು. ನೀರು ಇಳಿಜಾರಿಗೆ ಓಡಲಿಲ್ಲ. ಸಾಲಿನಲ್ಲೇ ನಿಂತು ಮೆಲ್ಲಗೆ ಇಂಗಿತು.

"ಭಲೇ!" ಅಧ್ಯಕ್ಷರು ಎದ್ದು ನೂಲಣ್ಣನನ್ನು ತಬ್ಬಿಕೊಂಡರು. "ನೆಟ್ಟಗೆ ಹೊಡೆದೂ ಹೊಡೆದೂ ಪ್ರತಿ ಮಳೆಗೂ ಮೇಲ್ಮಣ್ಣು ಕಳ್ಕೊಂಡ್ವಿ. ಇಳಿಜಾರಿಗೆ ಅಡ್ಡ ಬಾಗಿಸ್ಬೇಕು ಅಂತ ಯಾರಿಗಾದ್ರೂ ಹೊಳೀತಾ? ದೊಡ್ಡ ಯಂತ್ರ ಒಂದು ಸಾಲು ಬಾಗಿದ್ರೆ ಹೆಚ್ಚು. ಈ ಪುಟಾಣಿಗಳು ಹೊಲ ಪೂರ್ತಿ ಬಾಗಿದಾವೆ! ನೀನು ಬೇಕಂತಲೇ ಹೀಗೆ ಎಳೆದೆ, ಅಲ್ವಾ?"

ನೂಲಣ್ಣನ ಎದೆ ಎರಡಲ್ಲ, ನಾಲ್ಕಂಗುಲ ಉಬ್ಬಿತು. "ಮತ್ತಿನ್ನೇನು? ಎಷ್ಟು ದಿನ ಅಂತ ನೆಟ್ಟಗೇ ಹೊಡೀತಾ ಕೂರೋದು?"

ಚಪ್ಪಾಳೆ ಬಿತ್ತು. ಸೊಸೆಯ ಕಣ್ಣು ಒದ್ದೆಯಾಯಿತು. "ನಮ್ಮ ಮಾವ!" ಎಂದು ಎಲ್ಲರಿಗೂ ಹೇಳಿಕೊಂಡಳು. ಉಳುಮೆಯೆಲ್ಲ ಈ ಆರರ ಕೈಲೇ, ಮೊದಲ ಸಾಲು ಮಾತ್ರ ಎಲ್ಲರ ಹೊಲಕ್ಕೂ ಗುರುಗಳದ್ದೇ, ಥೇಟ್ ಇದೇ ಬಾಗು ಇರಬೇಕು ಎಂದು ಸಂಘ ಅಲ್ಲೇ ತೀರ್ಮಾನ ಮಾಡಿತು. ನಾಳೆ ಬೆಳಿಗ್ಗೆಯೇ ಶುರು.

ಮನೆಯ ದಾರಿಯಲ್ಲಿ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮರದ ಹಿಂದೆ ನೋಡಿದೆ ರೀ. ಕನ್ನಡಕ ಚೆನ್ನಾಗಿ ಒಪ್ಪುತ್ತೆ. ನಾಳೆಯಿಂದ ಹಾಕ್ಕೊಂಡೇ ಓಡ್ಸಿ."

"ಹಾಕ್ಕೊಂಡ್ರೆ ಸಾಲು ನೆಟ್ಟಗೆ ಹೋಗ್ಬಿಡುತ್ತಲ್ಲೇ!" ನೂಲಣ್ಣ ಗೋಳಾಡಿದ. "ಆ ಗೂಟ ಅದ್ಹೇಗೆ ಸರೀತೋ ನನಗೇ ಗೊತ್ತಿಲ್ಲ."

"ಗೂಟ ಎಲ್ಲಿ ಸರೀತು? ತಗ್ಗಲ್ಲಿ ಕೆಸರಿತ್ತು. ಸೀರೆ ಕೊಳೆಯಾಗುತ್ತೆ ಅಂತ ನಾನೇ ಛತ್ರಿ ಹಿಡ್ಕೊಂಡು ಆ ತುದಿಯ ಬದುವಿನ ಮೇಲೆ ಒಂದೊಂದೇ ಹೆಜ್ಜೆ ಎತ್ತರದ ಕಡೆಗೆ ಸರೀತಾ ಹೋದೆ."

ನೂಲಣ್ಣ ನಡುಬೀದಿಯಲ್ಲಿ ನಿಂತುಬಿಟ್ಟ. ಹೆಂಡತಿ ಛತ್ರಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವನಿಗಿಂತ ಮುಂದೆ ಹೊರಟಳು. ಇವತ್ತು ಅವಳ ನಡಿಗೆಯೇ ಬೇರೆಯಾಗಿತ್ತು.

"ಬೆಳಿಗ್ಗೆ ಎಷ್ಟು ಗಂಟೆಗೆ ಬರ್ಬೇಕು, ಹೇಳಿ" ಅಂದಳು ತಿರುಗದೆಯೇ. "ಚಹಾ ಮಾತ್ರ ಇನ್ಮೇಲೆ ಶಿಷ್ಯನೇ ಮಾಡ್ಕೊಡ್ಬೇಕು."