ಹೆಡ್‌ಲೈಟ್ ಸರಿಯಿಲ್ಲ, ಅಷ್ಟೇ

ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತಲೇ ಇರುತ್ತದೆ, ಕೆಲವರ ಮನೆಯಲ್ಲಿ ಮಿಕ್ಸಿ ಕೆಡುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಬೈಕಿನ ಹೆಡ್‌ಲೈಟು. ಹಾವೇರಿ ಕಡೆಯವರು ನಾವು. ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ನಾನೂ ಅತ್ತೆಯೂ ಜೋಳದ ರೊಟ್ಟಿ ತಟ್ಟುತ್ತೇವೆ. ಯಜಮಾನರು ಅದನ್ನು ಬೈಕಿಗೆ ಕಟ್ಟಿಕೊಂಡು ಜಯನಗರ, ಜೆ.ಪಿ. ನಗರ, ಕೋಣನಕುಂಟೆಯ ಅಂಗಡಿಗಳಿಗೆ ಹಾಕಿ ಬರುತ್ತಿದ್ದರು. ಗಾಡಿ ನಿಂತರೆ ಒಲೆಯೂ ನಿಂತ ಹಾಗೆ.

ಕಳೆದ ವರ್ಷದಿಂದ ಇವರಿಗೆ ಸಂಜೆಯಾದರೆ ರಸ್ತೆ ಕಾಣಿಸುತ್ತಿರಲಿಲ್ಲ. ಕಣ್ಣು ತೋರಿಸಿ ಎಂದರೆ, “ಕಣ್ಣಿಗೇನಾಗಿದೆ? ಹೆಡ್‌ಲೈಟ್ ಸರಿಯಿಲ್ಲ, ಅಷ್ಟೇ” ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ನಾಲಿಗೆಯ ತುದಿಯವರೆಗೂ ಬರುತ್ತಿತ್ತು, ಅವರ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ. ಆ ವರ್ಷ ನಗುವಂಥದ್ದು ಎಷ್ಟೋ ನಡೆಯಿತು. ನಗುವಾಗಲೆಲ್ಲ ಭಯವೂ ಇತ್ತು.

ಹಾರ್ನಾ, ಲೈಟಾ?

ಮೊದಲು ಕಂಪನಿಯ ಲೈಟು ತೆಗೆಸಿ, ಸುದ್ದಗುಂಟೆಪಾಳ್ಯದ ಮೆಕ್ಯಾನಿಕ್ ಹತ್ತಿರ ಹೊರಗಿನ ಎಲ್‌ಇಡಿ ಹಾಕಿಸಿದರು. ಬೆಳಕೇನೋ ಬಂತು. ಆದರೆ ಹಾರ್ನ್ ಒತ್ತಿದ ಕೂಡಲೇ ಲೈಟು ಹೋಗುತ್ತಿತ್ತು, ಬೆರಳು ತೆಗೆದರೆ ಬರುತ್ತಿತ್ತು.

“ಅರ್ತ್ ವೈರ್ ಲೂಸಾಗಿದೆ ಸಾರ್, ನಾಳೆ ಬನ್ನಿ. ಅಲ್ಲೀವರೆಗೂ ಹಾರ್ನ್ ಮುಟ್ಬೇಡಿ,” ಅಂದ ಮೆಕ್ಯಾನಿಕ್.

ಇವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹಿಂದೆ ರೊಟ್ಟಿ ಗಂಟು ಹಿಡಿದು ಕೂತಿದ್ದೆ. “ನಿನಗೆ ಬಾಯಿ ಇದೆಯಲ್ಲ, ನೀನೇ ಕೂಗು,” ಎಂದರು ಇವರು. ಜಯನಗರದುದ್ದಕ್ಕೂ “ಸೈಡ್, ಸೈಡ್” ಎಂದು ಕೂಗಿದೆ. ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ಹತ್ತಿರ ಬಂದು, “ಏನ್ ಮಾರ್ತಿದ್ದೀರಾ ಅಕ್ಕ?” ಎಂದು ಕೇಳಿದಳು. “ರೊಟ್ಟಿ,” ಅಂದೆ. ಒಂದು ಕಟ್ಟು ತೆಗೆದುಕೊಂಡಳು. ಹಾರ್ನಿನಿಂದ ನಮಗೆ ಯಾವತ್ತೂ ವ್ಯಾಪಾರ ಆಗಿರಲಿಲ್ಲ.

ತೆಂಗಿನ ಮರ

ಎರಡನೇ ಸಲ ರಿಪೇರಿ ಮಾಡಿಸಿದಾಗ ಬಲ್ಬ್ ತಲೆಕೆಳಗಾಗಿ ಕೂತಿತ್ತೋ ಏನೋ, ಬೆಳಕು ರಸ್ತೆ ಬಿಟ್ಟು ಮೇಲಕ್ಕೆ ಹೋಗುತ್ತಿತ್ತು. ಕೋಣನಕುಂಟೆಯಲ್ಲಿ ಇವರು ಗಾಡಿ ನಿಲ್ಲಿಸಿ, ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಎದುರು ಮನೆಯ ಹಿರಿಯರೊಬ್ಬರು ಹೊರಗೆ ಬಂದರು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿ, ಒಂದೇ ಒಂದು ತೆಂಗಿನ ಮರ ಉಳಿಸಿಕೊಂಡವರು.

“ಏನಪ್ಪಾ, ನಮ್ಮ ಮರದ ಕಾಯಿ ಎಣಿಸ್ತಿದ್ದೀಯಾ?”

“ಇಲ್ಲ ಸಾರ್, ರೋಡಲ್ಲಿ ಗುಂಡಿ ಎಲ್ಲಿದೆ ಅಂತ ನೋಡ್ತಿದ್ದೆ.”

“ಗುಂಡಿ ಮರದ ಮೇಲಿರುತ್ತೇನಯ್ಯಾ?”

ನಾಲ್ಕು ಮಾರು ಹೋಗುವಷ್ಟರಲ್ಲಿ ಬಿದ್ದೆವು. ರೊಟ್ಟಿಯೆಲ್ಲ ಚೂರುಚೂರಾಯಿತು, ಇವರ ಮೊಣಕೈಯಿಂದ ರಕ್ತ ಸುರಿಯಿತು. ಆ ಹಿರಿಯರೇ ಓಡಿ ಬಂದು ಎಬ್ಬಿಸಿದರು. ಮೈಮೇಲಿನ ಮಣ್ಣು ಒರೆಸುತ್ತಾ, “ಗುಂಡಿ ಸಿಕ್ತಲ್ಲ, ಬಿಡು,” ಅಂದರು.

ಇನ್ನೂ ಸ್ವಲ್ಪ

ಮೆಕ್ಯಾನಿಕ್ ಬಲ್ಬ್ ಸರಿಯಾಗಿ ಕೂರಿಸಿದ. ಸಾಲದೆಂದು ಎರಡು ಫಾಗ್ ಲ್ಯಾಂಪೂ ಕಟ್ಟಿದ. ಸ್ವಿಚ್ ಹಾಕಿದಾಗ ಎದುರು ಗೋಡೆ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಟೀ ಕುಡಿಯುತ್ತಿದ್ದವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಇವರು ಮಾತ್ರ ಕಣ್ಣು ಕಿರಿದು ಮಾಡಿ, “ಪರವಾಗಿಲ್ಲ. ಇನ್ನೂ ಸ್ವಲ್ಪ ಬೇಕಿತ್ತು,” ಎಂದರು.

“ಇದಕ್ಕಿಂತ ಜಾಸ್ತಿ ಅಂದ್ರೆ ಸೂರ್ಯನ್ನೇ ಫಿಟ್ ಮಾಡ್ಬೇಕು ಸಾರ್!”

ಎಲ್ಲರೂ ನಕ್ಕರು. ಇವರೂ ನಕ್ಕರು, ನಗುತ್ತಲೇ ನನ್ನ ಕೈ ಹಿಡಿದುಕೊಂಡರು. ಮರುದಿನ ತಾವಾಗಿಯೇ ಕಣ್ಣಿನ ಡಾಕ್ಟರ ಹತ್ತಿರ ಹೊರಟರು.

ಡಾಕ್ಟರ ಟಾರ್ಚು

ಡಾಕ್ಟರಮ್ಮ ಪುಟ್ಟ ಟಾರ್ಚು ಹಿಡಿದು ಇವರ ಕಣ್ಣೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಇವರಿಗೆ ಸುಮ್ಮನಿದ್ದು ಗೊತ್ತಿಲ್ಲ.

“ಮೇಡಂ, ಈ ಲೈಟ್ ಸಖತ್ತಾಗಿದೆ. ಬೈಕಿಗೆ ಸಿಗುತ್ತಾ?”

ಡಾಕ್ಟರಮ್ಮ ನಗಲಿಲ್ಲ. ಕಣ್ಣಿನ ಹಿಂದಿನ ಪರದೆ ಒಣಗುತ್ತಿದೆ, ಇದಕ್ಕೆ ಔಷಧಿಯಿಲ್ಲ, ಹಗಲಿನ ನೋಟವೂ ನಿಧಾನವಾಗಿ ಹೋಗುತ್ತದೆ, ಗಾಡಿ ಇವತ್ತಿಗೇ ನಿಲ್ಲಿಸಿಬಿಡಿ ಎಂದು ಮೆಲ್ಲಗೆ ಹೇಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ನನಗೆ ಅಳು ತಡೆಯಲಾಗಲಿಲ್ಲ. ಇವರು ನನ್ನ ಬೆನ್ನು ಸವರುತ್ತಾ, “ಅಳಬೇಡ ಕಣೇ. ಡಾಕ್ಟ್ರಿಗೆ ಬೈಕ್ ಬಗ್ಗೆ ಏನು ಗೊತ್ತು?” ಅಂದರು.

ದೊಡ್ಡದು ಮಾಡು

ಗಾಡಿಯನ್ನು ಕೊನೆಗೆ ಮೆಕ್ಯಾನಿಕ್ಕೇ ಕೊಂಡ. ಇನ್ನು ಮೇಲೆ ನಾನು ಗಂಟು ಹೊತ್ತು ಬಸ್ಸಿನಲ್ಲಿ ಓಡಾಡುವುದು, ಇವರು ಮನೆಯಲ್ಲಿ ಹಿಟ್ಟು ನಾದುವುದು ಎಂದಾಯಿತು. ಮುಸ್ಸಂಜೆಗೆ ಗಾಡಿ ಒಯ್ಯಲು ಬಂದವನು ಬಾಗಿಲ ಮುಂದೆ ಲೈಟು ಹಾಕಿ ನೋಡುತ್ತಿದ್ದ. ಲಿಂಗಪೂಜೆಗೆ ಕೂತಿದ್ದ ಅತ್ತೆಯ ಕಣ್ಣಿಗೆ ಬೆಳಕು ಕಿಟಕಿಯಿಂದ ನೇರವಾಗಿ ಬಿತ್ತು.

“ಆ ದೀಪ ದೊಡ್ಡದು ಮಾಡೋ ತಮ್ಮಾ!”

ಅವನು ಹೈ ಬೀಮ್ ಹಾಕಿದ.

“ದೊಡ್ಡದು ಮಾಡು ಅಂದ್ರ ಕೇಳಂಗಿಲ್ಲೇನು?”

ಎರಡೂ ಫಾಗ್ ಲ್ಯಾಂಪ್ ಹಾಕಿದ. ಅತ್ತೆ ಪೂಜೆ ಬಿಟ್ಟು ಎದ್ದೇ ಬಂದರು. ಅಕ್ಕಪಕ್ಕದವರೂ ಬಂದರು. “ಅಜ್ಜಿ, ಇದಕ್ಕಿಂತ ದೊಡ್ಡದು ನನ್ ಹತ್ರ ಇಲ್ಲ!” ಎಂದು ಅವನು ಕೈಮುಗಿದ.

ಇವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಲೋ, ನಮ್ಮ ಕಡೆ ಹಿರೀರು ದೀಪ ಆರಿಸು ಅನ್ನಲ್ಲ ಕಣೋ, ಅಪಶಕುನ. ದೊಡ್ಡದು ಮಾಡು ಅಂದ್ರೆ ಆಫ್ ಮಾಡು ಅಂತ!”

ಅವನು ಎಲ್ಲವನ್ನೂ ಆಫ್ ಮಾಡಿದ. “ಮೊದಲೇ ಹೇಳ್ಬಾರ್ದಾ ಸಾರ್? ವರ್ಷದಿಂದ ದೊಡ್ಡ ಲೈಟು, ದೊಡ್ಡ ಲೈಟು ಅಂತ ಪ್ರಾಣ ತಿಂದ್ರಿ. ವೈರ್ ಕಿತ್ತು ಕಳಿಸ್ತಿದ್ದೆ!”

ಬೀದಿಗೆ ಬೀದಿಯೇ ನಕ್ಕಿತು. ಇವರು ಕೈಚಾಚಿ ನನ್ನ ಭುಜ ಹುಡುಕಿ ಹಿಡಿದುಕೊಂಡರು.

“ಲೈಟಿಗೆ ಏನೂ ಆಗಿರಲಿಲ್ಲ ಕಣೋ,” ಅಂದರು. “ನನ್ನ ಕಣ್ಣೆರಡೂ ದೊಡ್ಡದಾಗ್ತಾ ಇವೆ.”

ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಯಾರೂ ನಗಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

“ಬಿಡ್ತು ಅನ್ನೋ!” ಎಂದು ಅತ್ತೆ ಗದರಿದರು. ಕೆಟ್ಟ ಮಾತು ಆಡಿದವರಿಂದ ಹಾಗೆ ಹೇಳಿಸುವುದು ರೂಢಿ, ಹೇಳಿದರೆ ಕೇಡು ತಟ್ಟುವುದಿಲ್ಲವಂತೆ.

ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡಿದ. ಅದು ಬೀದಿಯ ತಿರುವು ದಾಟುವವರೆಗೂ ಇವರು ಸದ್ದಿಗೆ ಕಿವಿಗೊಟ್ಟು ನಿಂತಿದ್ದರು.

“ಬಿಡ್ತವ್ವಾ,” ಅಂದರು. “ಗಾಡೀನೂ ಬಿಡ್ತು.”