ಶ್ರೀಮತಿ ಕಾಮಣ್ಣನವರ ದಹನ ಪ್ರಕರಣ

ನ್ಯೂಜೆರ್ಸಿಯಲ್ಲಿ, ಐಸೆಲಿನ್‌ಗೆ ಹತ್ತಿರದ ನಮ್ಮ ಟೌನ್‌ಶಿಪ್ಪಿನಲ್ಲಿ ದೇವರನ್ನು ಸುಡುವುದು ನಿಷಿದ್ಧ, ಚಳಿಗಾಲವನ್ನು ಸುಡಬಹುದು.

೧೯೭೪ರ ಹೋಳಿ ಹುಣ್ಣಿಮೆಯವರೆಗೆ ಇದು ಕನ್ನಡಿಗರ ಗಮನಕ್ಕೆ ಬಂದಿರಲಿಲ್ಲ. ಆ ವರ್ಷ ಧಾರವಾಡದ ಗಿರಿಜಾದೇವಿಯವರು, "ಈ ಊರಿಗೆ ಬಂದಮ್ಯಾಲೆ ಬಾಯಿ ತುಂಬ ಹೊಯ್ಕೊಂಡಿಲ್ಲ" ಎಂದು ಹುಲ್ಲು, ಹಳೇ ಪೇಪರು ತುಂಬಿ ಕಾಮಣ್ಣನನ್ನು ಹೊಲಿದರು. ಅವರ ಯಜಮಾನರು, ಎಂಜಿನಿಯರ್ ಸಿದ್ದಲಿಂಗಯ್ಯನವರು, ಪರ್ಮಿಟ್ ಕೇಳಲು ಟೌನ್ ಆಫೀಸಿಗೆ ಹೋದರು.

ಅಲ್ಲಿನ ಗುಮಾಸ್ತೆ ವಾಂಡಾ ಪೋಲೆಂಡ್ ಮೂಲದವರು. ಅವರ ಅಜ್ಜಿಯರ ಕಾಲದಿಂದಲೂ ಚಳಿಗಾಲದ ಮುದುಕಿಯೆಂದು ಒಂದು ಹುಲ್ಲುಬೊಂಬೆಯನ್ನು ಸುಟ್ಟು ವಸಂತವನ್ನು ಬರಮಾಡಿಕೊಳ್ಳುವುದು ಆ ಊರಿನ ಮಾನ್ಯತೆ ಪಡೆದ ಪದ್ಧತಿ.

"ನೀವು ಸುಡುವುದು ಯಾರನ್ನು?"

"ಕಾಮಣ್ಣನನ್ನು. ನಮ್ಮ ಪ್ರೇಮದ ದೇವರು, ವಸಂತನ ಗೆಳೆಯ."

ವಾಂಡಾ ಪೆನ್ನು ಕೆಳಗಿಟ್ಟರು. "ಗೆಳೆಯನನ್ನೇ ಸುಟ್ಟರೆ ವಸಂತ ಈ ಕಡೆ ತಲೆ ಹಾಕುತ್ತಾನೆಯೇ?"

ಸಿದ್ದಲಿಂಗಯ್ಯನವರು ಹೊರಗೆ ಇನ್ನೂ ಬೀಳುತ್ತಿದ್ದ ಹಿಮವನ್ನು ನೋಡಿದರು.

"ದೇವರನ್ನು ಸುಡುವಂತಿಲ್ಲ. ಹೆಂಗಸಾದರೆ, ಅದರಲ್ಲೂ ಮುದುಕಿಯಾದರೆ, ಅಡ್ಡಿಯಿಲ್ಲ" ಎಂದರು ವಾಂಡಾ.

"ಕಾಮಣ್ಣಗ ಸೀರಿ ಉಡಸಬೇಕಂತ" ಎಂದು ಸಿದ್ದಲಿಂಗಯ್ಯನವರು ಮನೆಗೆ ಬಂದು ಹೇಳಿದರು.

"ಉಡಸೂಣ ಬಿಡ್ರಿ. ರತಿ ಸಿಟ್ಟಾದ್ರ ನಾ ಹೇಳ್ಕೋತೀನಿ" ಎಂದರು ಗಿರಿಜಾದೇವಿ.

ಕನ್ನಡ ಸಂಘವು ತುರ್ತುಸಭೆ ಸೇರಿ ಠರಾವು ಪಾಸು ಮಾಡಿತು: "ಕಾಮಣ್ಣನನ್ನು ಈ ದೇಶದಲ್ಲಿರುವಷ್ಟು ಕಾಲ ವೃದ್ಧ ಸ್ತ್ರೀಯೆಂದು ಪರಿಗಣಿಸತಕ್ಕದ್ದು. ಭಾರತಕ್ಕೆ ಮರಳಿದ ಕೂಡಲೇ ಅವನು ಯಥಾಸ್ಥಿತಿಗೆ ಬರತಕ್ಕದ್ದು."

ಹುಣ್ಣಿಮೆಯ ಸಂಜೆ ಪಾರ್ಕಿನಲ್ಲಿ, ಫೈರ್ ಇಂಜಿನ್ನಿನ ಎದುರಿಗೆ, ಬೆಂಕಿ ಹೊತ್ತಿಸಲಾಯಿತು. ಗಿರಿಜಾದೇವಿಯವರು ಪದ್ಧತಿಯಂತೆ "ಲಬೋ ಲಬೋ" ಎಂದು ಬಾಯಿ ಬಡಿದುಕೊಂಡರು. ಹಿಂದಿನ ವರ್ಷ ಅವರ ತಾಯಿ ಧಾರವಾಡದಲ್ಲಿ ತೀರಿಕೊಂಡಿದ್ದರು. ಹೋಗಲು ಆಗಿರಲಿಲ್ಲ; ಅಪಾರ್ಟ್‌ಮೆಂಟಿನಲ್ಲಿ ಜೋರಾಗಿ ಅಳುವಂತೆಯೂ ಇರಲಿಲ್ಲ. ಆ ಅಳು ಈಗ ಹೊರಗೆ ಬಂತು. "ಯವ್ವಾ! ನನ್ನವ್ವಾ!"

ಉರಿಯುತ್ತಿರುವ ಸೀರೆ, ಗೋಳಾಡುತ್ತಿರುವ ಹೆಂಗಸು: ಫೈರ್‌ನವರು ಕರ್ತವ್ಯಕ್ಕೆ ಇಳಿದರು. ನೀರು ಹೊಡೆದು, ಕಾಮಣ್ಣನನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು.

ಎಮರ್ಜೆನ್ಸಿಯಲ್ಲಿ ಅಂದು ಡ್ಯೂಟಿ ಡಾಕ್ಟರ್ ಚಂದ್ರಶೇಖರಪ್ಪನವರದು.

"ನಾಡಿ ಸಿಗುತ್ತಿಲ್ಲ, ಡಾಕ್ಟರ್" ಎಂದಳು ನರ್ಸ್.

"ಮೊದಲೂ ಇರಲಿಲ್ಲ" ಎಂದರು ಡಾಕ್ಟರು. ಆದರೆ ದಾಖಲಾದ ರೋಗಿಯನ್ನು ಚಿಕಿತ್ಸೆಯಿಲ್ಲದೆ ಕಳಿಸುವಂತಿರಲಿಲ್ಲ. ಸುಟ್ಟಲ್ಲೆಲ್ಲ ಬ್ಯಾಂಡೇಜು ಕಟ್ಟಿ, "ಶ್ರೀಮತಿ ಕಾಮಣ್ಣನವರು ಬೆಂಕಿಯಿಂದ ದೂರವಿರಬೇಕು" ಎಂದು ಸಲಹೆ ನೀಡಿ ಮನೆಗೆ ಕಳಿಸಿದರು.

ಅದಾಗಿ ವಾರದೊಳಗೆ ಹಿಮ ಕರಗಿ ಬಿಸಿಲು ಬಂದದ್ದರಿಂದ ಮುದುಕಿ ಪೂರ್ತಿ ಸುಡಲಿಲ್ಲವೆಂದು ಟೌನ್‌ಶಿಪ್ಪಿಗೂ ತಕರಾರು ಉಳಿಯಲಿಲ್ಲ.

ಮರುವರ್ಷ ದಹನಕ್ಕೆ ಪರ್ಮಿಟ್ ಸಿಗಲಿಲ್ಲ. ವೈದ್ಯರ ಸಲಹೆಗೆ ವಿರುದ್ಧವಾಗಿ ಯಾರನ್ನೂ ಸುಡುವಂತಿಲ್ಲ. ಅಳುವುದಕ್ಕೆ ಸಿಕ್ಕಿತು, ಸಂಜೆ ಐದರಿಂದ ಆರರವರೆಗೆ. ಅಂದಿನಿಂದ ಕಾಮಣ್ಣನವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕರೆತಂದು, ಶಾಲು ಹೊದಿಸಿ, ಕುರ್ಚಿಯಲ್ಲಿ ಕೂರಿಸುವುದು ರೂಢಿ. ಈಗ ಕನ್ನಡಿಗರಷ್ಟೇ ಬರುವುದಿಲ್ಲ. ವರ್ಷವಿಡೀ ಅಳಲು ಜಾಗ ಸಿಗದ ಊರಿನವರೆಲ್ಲ ಕಾರು ನಿಲ್ಲಿಸಿ ಬರುತ್ತಾರೆ. ಫೈರ್ ಚೀಫ್ ಹೆಲ್ಮೆಟ್ ತೆಗೆದಿಟ್ಟು ಅಳುತ್ತಾರೆ. ಬಾಯಿ ಬಡಿದುಕೊಳ್ಳುವ ಕ್ರಮವನ್ನು ಗಿರಿಜಾದೇವಿಯವರೇ ವಾಂಡಾಗೆ ಕಲಿಸಿಕೊಟ್ಟಿದ್ದಾರೆ.

ಆರಾದ ಕೂಡಲೇ ಎಲ್ಲರೂ ಕಣ್ಣೊರೆಸಿಕೊಂಡು ಹೋಳಿಗೆಗೆ ಕ್ಯೂ ನಿಲ್ಲುತ್ತಾರೆ.