ಬಜ್ಜಿಗೆ ಮಾರಿದ ಶಿಸ್ತು

ಮನುಷ್ಯನಿಗೆ ಮಾನ ಮರ್ಯಾದೆ ಎಂಬುದೇನಾದರೂ ಉಳಿಯಬೇಕಾದರೆ ಅದನ್ನು ನಾಲಿಗೆಯಿಂದ ದೂರ ಇಟ್ಟಿರಬೇಕು ಎಂದು ಮೊದಲಿನಿಂದಲೂ ನಂಬಿದವನು ನಾನು. ತೆಲುಗು ಸೀಮೆಯ ನಾಚಾರಂನಲ್ಲಿರುವ ನಮ್ಮ ಪಂಪು ಕಾರ್ಖಾನೆಯಲ್ಲಿ ಈ ನಂಬಿಕೆಯವನು ನಾನೊಬ್ಬನೇ. ಉಳಿದವರೆಲ್ಲ ಸೈರನ್ ಕೂಗಿದ ಮೇಲೆ ಆಕಳಿಸುತ್ತ ಬರುವ ಪೈಕಿ. ನಾನು ಮಾತ್ರ ಎಲ್ಲರಿಗಿಂತ ಮೊದಲು ಬಂದು ಶಟರ್ ಎತ್ತುತ್ತಿದ್ದೆ. ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಅದನ್ನು ಜೇಬಿನಲ್ಲಿ ಝಣ್ ಎನ್ನಿಸುತ್ತ ನಡೆಯುವಾಗ ಮ್ಯಾನೇಜರಿಗಿಂತ ನಾನೇನು ಕಡಿಮೆ ಎನಿಸುತ್ತಿತ್ತು.

ಈ ಸೋಮಾರಿಗಳನ್ನು ತಿದ್ದಲು ಮ್ಯಾನೇಜರು ಒಂದು ಉಪಾಯ ಹೂಡಿದರು. ಸೈರನ್ನಿಗೆ ಮುಂಚೆ ಬಂದವರಿಗೆ ಕ್ಯಾಂಟೀನಿನಲ್ಲಿ ಬಿಸಿಬಿಸಿ ಮಿರ್ಚಿ ಬಜ್ಜಿ, ಪುಕ್ಕಟೆ! ಸ್ವಂತ ಮದುವೆಗೇ ತಡವಾಗಿ ಬಂದವನೆಂದು ಹೆಸರಾದ ರಾಯಚೂರಿನ ಬಸಣ್ಣ ಮರುದಿನ ನನಗಿಂತ ಮೊದಲು ಗೇಟಿನ ಮುಂದೆ ನಿಂತಿದ್ದ. "ಲಗೂ ತೆಗೀರಿ ಸಾಹೇಬ್ರ, ಬಜ್ಜಿ ಆರಾಕತ್ತಾವು!" ಥೂ ಇವನ ಜನ್ಮಕ್ಕೆ ಎಂದುಕೊಂಡು ಶಟರ್ ಎತ್ತಿದೆ. ನಾನೂ ತಿಂದೆ, ಎದುರಿಗೆ ಬಂದದ್ದನ್ನು ಬೇಡವೆನ್ನಬಾರದು ಎಂಬ ಸಂಸ್ಕಾರದಿಂದ. ಎರಡನೆಯ ತಟ್ಟೆಯೂ ಸಂಸ್ಕಾರವೇ.

ಆಮೇಲೆ ಎಣ್ಣೆ ತುಟ್ಟಿಯಾಯಿತಂತೆ. ಬಜ್ಜಿಯ ಜಾಗಕ್ಕೆ ಉಸ್ಮಾನಿಯಾ ಬಿಸ್ಕತ್ತು ಬಂತು, ಅದೂ ತಲೆಗೊಂದು. ಚೌಕಾಸಿಗೆ ಹೆಸರಾದ ಸುಲ್ತಾನ್ ಬಜಾರಿನಲ್ಲಿ ಕೂಡ ಮಾಲಿನ ಬೆಲೆ ಹೀಗೆ ರಾತ್ರೋರಾತ್ರಿ ಇಳಿಯುವುದಿಲ್ಲ. ಜನ ಮತ್ತೆ ಆಕಳಿಸುತ್ತ ಬರತೊಡಗಿದರು. ಅವರಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಆದರೆ ನನಗೆ ಬಂದದ್ದು ಸಾತ್ವಿಕ ಸಿಟ್ಟು. ಇಷ್ಟು ವರ್ಷ ದುಡಿದವನ ಬೆಲೆ ಒಂದು ಬಿಸ್ಕತ್ತೇ? ಬೆಳಿಗ್ಗೆ ಈ ಅವಮಾನದ ಬಗ್ಗೆಯೇ ಚಿಂತಿಸುತ್ತ ಹಾಸಿಗೆಯಲ್ಲಿ ಹೊರಳಾಡತೊಡಗಿದೆ. ಅತ್ತ ಶಟರ್ ತೆಗೆಯುವವರಿಲ್ಲದೆ ಕೆಲಸವೇ ನಿಂತಿತು.

ನಿನ್ನೆ ಮ್ಯಾನೇಜರು ಎಲ್ಲರೆದುರು ಕೈ ಚಾಚಿ, "ಚಾಬಿ ಇಲಾ ಇವ್ವಂಡಿ" ಎಂದು ತೆಲುಗಿನಲ್ಲೇ ಬೀಗದ ಕೈ ಕೇಳಿದರು. ನನ್ನ ಬೀಗದ ಕೈ ಬಸಣ್ಣನ ಪಾಲಾಯಿತು. ಅವನೊಬ್ಬನೇ ಈಗಲೂ ಹೊತ್ತಿಗೆ ಮುಂಚೆ ಬರುತ್ತಾನಂತೆ! "ನಂಗ ಬಿಸ್ಕೀಟೂ ನಡಿತೈತ್ರಿ" ಎಂದು ಹಲ್ಲು ಕಿರಿದ. ಖಾಲಿ ಜೇಬು ಮುಟ್ಟಿ ನೋಡಿಕೊಂಡಾಗ ಅಳುವೇ ಬಂತು.

ಮನೆಗೆ ಬಂದು ಊಟಕ್ಕೆ ಕೂತವನು ಹೆಂಡತಿಯೆದುರು ಇಡೀ ಕಾರ್ಖಾನೆಯನ್ನು ಜಾಲಾಡಿದೆ. "ಒಂದು ಬಿಸ್ಕೀಟಿನ ಸಲುವಾಗಿ ಯಾವ ಮರ್ಯಾದಸ್ತ ಲಗೂ ಹೋಗ್ತಾನ, ನೀನ ಹೇಳು!"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ಖರೆ ಐತ್ರಿ. ಬಜ್ಜಿ ಕೊಡೂಕಿಂತ ಮೊದಲ ಅವ್ರು ಏನ್ ಕೊಡತಿದ್ರು ಅಂತ ನೀವು ಕತ್ತಲದಾಗ ಎದ್ದು ಓಡತಿದ್ರಿ?"

ಉತ್ತರ ಗೊತ್ತಿತ್ತು. ಅದು ಹೊರಬೀಳುವ ಮುಂಚೆ ಬಾಯಿಗೆ ರೊಟ್ಟಿ ತುರುಕಿಕೊಂಡೆ.